ಔರಾದಿನಿಂದ ತಂದ ಕಾರು

"ಅತ್ತಿ, ನಿಮ್ಮ ಮಗಳಿಗಿ ನಾ ಹೊಡದಿಲ್ಲ, ಬೈದಿಲ್ಲ. ಈ ಮನ್ಯಾಗ ನನ್ನ ಮಾತಿಗಿ ಬೆಲೆ ಅದನೋ ಇಲ್ಲೋ, ಅದೊಂದು ನೋಡಬೇಕಾಗ್ಯದ."

ಅಳಿಯ ಶಿವಕಾಂತ ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತು ಹೀಗೆ ಹೇಳಿದಾಗ ಸುಂದರಬಾಯಿ ಅವನಿಗೆಂದು ತಂದ ನೀರಿನ ತಂಬಿಗೆಯನ್ನು ಹಾಗೇ ಕೆಳಗಿಟ್ಟಳು. ಅವನ ಹಿಂದೆ ಮಗಳು ಸಪ್ನಾ ಬ್ಯಾಗು ಹಿಡಿದು, ತಲೆ ತಗ್ಗಿಸಿ ನಿಂತಿದ್ದಳು. ಮದುವೆಯಾದ ಮೇಲೆ ಅವಳು ಬೀದರಿನಿಂದ ಭಾಲ್ಕಿಯ ತವರಿಗೆ ಎಷ್ಟೋ ಸಲ ಬಂದಿದ್ದಳು. ಆದರೆ ಹೀಗೆ, ಬೇಡವಾದ ಸಾಮಾನನ್ನು ಅಂಗಡಿಗೆ ವಾಪಸು ತಂದಂತೆ, ಗಂಡ ತಂದು ನಿಲ್ಲಿಸಿದ್ದು ಇದೇ ಮೊದಲು.

"ನಿಮ್ಮ ಸೊಸಿ ನನ್ನ ಕಡಿಯಿಂದ ಗಾಡಿ ತಗೊಂಡ್ರ, ಮರುದಿನಾನೇ ಬಂದು ಇಕಿಗಿ ಕರಕೊಂಡು ಹೋಗ್ತೇನಿ. ಇಲ್ಲಂದ್ರ ಇಲ್ಲೇ ಇರ್ಲಿ. ನಡೀತೇನಿ, ಶರಣಾರ್ಥಿ."

ಕೈ ಮುಗಿದು ಅವನು ಹೊರಟೇ ಹೋದ. ಅವನ ಕಾರಿನ ಸದ್ದು ಓಣಿ ದಾಟಿ ಅಡಗಿತು. ಅಡುಗೆ ಮನೆಯ ಬಾಗಿಲಲ್ಲಿ, ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡು ನಿಂತಿದ್ದ ಸೊಸೆ ಸಿದ್ದೇಶ್ವರಿಗೆ ಎಲ್ಲರ ಕಣ್ಣೂ ತನ್ನ ಕಡೆಗೇ ತಿರುಗಿವೆ ಅನ್ನಿಸಿತು.

ಎಲ್ಲ ಶುರುವಾದದ್ದು ರೊಟ್ಟಿಯಿಂದ. ಸಿದ್ದೇಶ್ವರಿ ಖಡಕ್ ರೊಟ್ಟಿ ಬಡಿದು ಮಾರಲು ತೊಡಗಿದಾಗ ಅದು ಓಣಿಯ ನಾಲ್ಕು ಮನೆಗಳ ವ್ಯವಹಾರವಾಗಿತ್ತು. ಅವಳ ರೊಟ್ಟಿ ಹಪ್ಪಳದಂತೆ ತೆಳ್ಳಗೆ, ಮುರಿದರೆ ಸಪ್ಪಳ ಮಾಡುವಂಥದ್ದು. ಬಾಯಿಂದ ಬಾಯಿಗೆ ಹೆಸರು ಹಬ್ಬಿ, ಬೀದರಿನ ಖಾನಾವಳಿಗಳು, ಹಾಸ್ಟೆಲುಗಳು, ನರ್ಸುಗಳ ಕ್ವಾರ್ಟರ್ಸು ಎಲ್ಲೆಲ್ಲಿಂದಲೋ ಬೇಡಿಕೆ ಬಂತು. ಓಣಿಯ ಹೆಂಗಸರು ಅವಳ ಜೊತೆ ಕೂತು ರೊಟ್ಟಿ ಬಡಿಯತೊಡಗಿದರು. ಆದರೆ ಬಸ್ಸಿನಲ್ಲಿ ಡಬ್ಬಿಗಳನ್ನು ಹೇರಿಕೊಂಡು ಹೋದರೆ ನಡುದಾರಿಯ ಹಲಬರ್ಗಾ ದಾಟುವಷ್ಟರಲ್ಲಿ ಅರ್ಧ ರೊಟ್ಟಿ ಪುಡಿಯಾಗುತ್ತಿತ್ತು. ಹಿಂದಿನ ಸೀಟು ಮಡಚಿ ಡಬ್ಬಿ ಜೋಡಿಸಬಹುದಾದ ಒಂದು ಹಳೆಯ ಕಾರು ಬೇಕು ಎಂದು ಅವಳು ನಿಶ್ಚಯಿಸಿದಳು. ಬೆಳಗಿನ ಹೊತ್ತು ಡ್ರೈವಿಂಗ್ ಕಲಿತು ಲೈಸೆನ್ಸ್ ಪಡೆದಳು. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಗಂಡ ಅನೀಲಕುಮಾರ ಸೈಕಲ್ಲು ಬಿಟ್ಟು ಬೇರೆ ಏನನ್ನೂ ಓಡಿಸಿದವನಲ್ಲ. ಹೆಂಡತಿ ಸ್ಟೀರಿಂಗ್ ಹಿಡಿದದ್ದನ್ನು ಕಂಡು ಹೆದರಿದ, ಆಮೇಲೆ ಹೆಮ್ಮೆಪಟ್ಟ.

ಹಳೆಯ ಕಾರು ಅಂದ ಕೂಡಲೇ ಮನೆಯವರೆಲ್ಲರ ಬಾಯಲ್ಲಿ ಬಂದ ಹೆಸರು ಶಿವಕಾಂತನದು. ಬೀದರಿನ ಗುಂಪಾ ರಸ್ತೆಯಲ್ಲಿ ಅವನದು ಹಳೆಯ ಗಾಡಿಗಳ ದಲಾಲಿ. ಮನೆಯ ಅಳಿಯನೇ ಬ್ರೋಕರ್ ಇರುವಾಗ ಬೇರೆಯವರ ಬಾಗಿಲಿಗೆ ಹೋಗುವುದುಂಟೇ? ಸಿದ್ದೇಶ್ವರಿಯೂ ಹಾಗೇ ಅಂದುಕೊಂಡು ಗಂಡನ ಜೊತೆ ಹೋಗಿದ್ದಳು.

ಅವನು ತೋರಿಸಿದ ಕೆಂಪು ಕಾರು ಹೊರಗಿನಿಂದ ಥಳಥಳ ಹೊಳೆಯುತ್ತಿತ್ತು. "ಅಣ್ಣಾರ, ಇದರ ಮಾಲಕರು ಯಾರ್ರಿ? ಒಂದ್ಸಲ ಅವರ ಜೋಡಿ ಮಾತಾಡಬೇಕಿತ್ತು" ಎಂದು ಕೇಳಿದಳು.

"ಮಾಲಕರು ನಿನಗ್ಯಾಕ ತಂಗಿ? ನಾ ಇಲ್ಲೇನು?"

"ಹಂಗಾದ್ರ ಒಂದು ಸುತ್ತು ಓಡಿಸಿ ನೋಡ್ತೇನ್ರಿ."

ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಉಳಿದ ದಲಾಲರು ಮುಖ ಮುಖ ನೋಡಿಕೊಂಡರು. ಶಿವಕಾಂತ ನಕ್ಕ. ನಕ್ಕು, ಅವಳು ಚಾಚಿದ ಕೈಯನ್ನು ದಾಟಿಸಿ ಕೀಲಿಯನ್ನು ಅನೀಲನ ಕೈಗೆ ಇಟ್ಟ. "ಗಾಡಿ ನೋಡೂದು ಗಂಡಸರ ಕೆಲಸ. ನೀ ಬಣ್ಣ ಪಸಂದ ಬಂತೇನು ಅಷ್ಟ ಹೇಳು." ಗಾಡಿ ಓಡಿಸಲು ಬಾರದ ಅನೀಲ ಕೀಲಿ ಹಿಡಿದು ಬೆವರಿದ. ಸಿದ್ದೇಶ್ವರಿ ತಿರುಗಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ದಾರಿಯುದ್ದಕ್ಕೂ ಅವಳ ಕಿವಿ ಬಿಸಿಯಾಗಿಯೇ ಇತ್ತು.

ಅದಾದ ಮೇಲೆ ಅವಳ ರೊಟ್ಟಿಯ ಗಿರಾಕಿಯಾಗಿದ್ದ ನರ್ಸೊಬ್ಬಳು ಔರಾದಿನ ಮಹಮೂದಾ ಬೇಗಂ ಅವರ ವಿಷಯ ಹೇಳಿದಳು. ಉರ್ದು ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಬೀದರ್ ಜಿಲ್ಲೆಯ ಹಳ್ಳಿ ಹಳ್ಳಿಗೆ ತಮ್ಮ ಕಾರು ತಾವೇ ಓಡಿಸಿಕೊಂಡು ಓಡಾಡಿದವರು. ಈಗ ಕಣ್ಣು ಮಂಜಾಗಿ ಕಾರು ಮಾರುತ್ತಿದ್ದರು. ಆದರೆ ದಲಾಲರನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ. ಸಿದ್ದೇಶ್ವರಿ ಫೋನಿನಲ್ಲಿ ಮಾತಾಡಿ, ಬಂದು ನೋಡುತ್ತೇನೆ ಎಂದಿದ್ದಳು. ಆ ಸುದ್ದಿ ಹೇಗೋ ಶಿವಕಾಂತನ ಕಿವಿಗೆ ಬಿತ್ತು. ಅದರ ಫಲವೇ ಈಗ ಅಂಗಳದಲ್ಲಿ ಬ್ಯಾಗು ಹಿಡಿದು ನಿಂತ ಸಪ್ನಾ.

"ನೋಡಿದೇನ ಸಿದ್ದೇಶ್ವರಿ..." ಸುಂದರಬಾಯಿ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನನ್ನ ಮಗಳ ಸಂಸಾರ ಒಂದು ಗಾಡಿ ಸಲುವಾಗಿ ಬೀದಿಗಿ ಬಂತಲ್ಲವ್ವಾ... ಕೆಂಪಂದ್ರ ಕೆಂಪು, ಕರಿದಂದ್ರ ಕರಿದು, ಅಂವ ಯಾವುದು ಕೊಡ್ತಾನ ಅದನ್ನ ತಗೊಂಡು ಬಿಡು. ನಿನ್ನ ಕಾಲಿಗಿ ಬೀಳ್ತೇನಿ..."

"ಅತ್ತಿ, ಹಂಗ ಅನಬ್ಯಾಡ್ರಿ." ಸಿದ್ದೇಶ್ವರಿ ಓಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಹಿಟ್ಟಿನ ಕೈ, ಕಣ್ಣೀರಿನ ಕೈ ಒಂದಾದವು. ಈ ಮನೆಗೆ ಬಂದ ದಿನದಿಂದ ಅತ್ತೆ ಒಂದು ಬಿರುಸು ಮಾತು ಆಡಿದವಳಲ್ಲ. ಅವಳು ಕಾಲು ಹಿಡಿಯುವ ಸ್ಥಿತಿಗೆ ಬಂದಳಲ್ಲ ಎಂದು ಸಿದ್ದೇಶ್ವರಿಗೆ ಸಂಕಟವಾಯಿತು. ನಾದಿನಿಯ ಬಾಳಿಗಿಂತ ತನ್ನ ಹಟ ದೊಡ್ಡದೇ? ಎಲ್ಲರಂತೆ ಆ ಕೆಂಪು ಕಾರನ್ನೇ ತಂದರಾಯಿತು. ಓಡಿದಷ್ಟು ದಿನ ಓಡಲಿ. "ಆಯ್ತು ಅತ್ತಿ" ಎಂದಳು ಕೊನೆಗೆ. "ಔರಾದಿಗಿ ಹೋಗೂದಿಲ್ಲ. ನಾಳಿನೇ ಅಣ್ಣಾರಿಗಿ ಫೋನ್ ಮಾಡ್ತೇನಿ. ಸಪ್ನಾ ತನ್ನ ಮನಿಗಿ ಹೋಗ್ಲಿ."

ಆಗ ಅಂಗಳದಲ್ಲೇ ನಿಂತಿದ್ದ ಸಪ್ನಾ ತಲೆ ಎತ್ತಿ ಅತ್ತಿಗೆಯನ್ನು ನೋಡಿದಳು.

"ಬ್ಯಾಡ ವೈನಿ."

ಅವಳ ದನಿ ಸಣ್ಣದಾಗಿತ್ತು, ಆದರೆ ನಡುಗುತ್ತಿರಲಿಲ್ಲ.

"ಸಪ್ನಾ, ನೀ ಸುಮ್ನಿರು" ಎಂದಳು ತಾಯಿ.

"ಇಷ್ಟು ವರ್ಷ ಸುಮ್ನೇ ಇದ್ದೆನಲ್ಲವ್ವಾ. ಅಣ್ಣ ಜಾಗಾ ತಗೊಂಬಾಗ ಅವರು ತೋರಿಸಿದ್ದೇ ತಗೊಬೇಕಂದ್ರ ನನ್ನ ಹೆಸರು, ನೀವು ಅವರ ಮಾತು ಕೇಳಲಿಲ್ಲಂದ್ರ ನನ್ನ ಹೆಸರು. ನಿಮ್ಮ ಮಗಳಿಗಿ ಬಿಟ್ಟು ಹೋಗ್ತೇನಿ ಅಂತ ಅವರು ಅಂದಾಗೆಲ್ಲ ನೀವು ಹೂಂ ಅಂದ್ರಿ. ಇವತ್ತ ಖರೇನೇ ಬಿಟ್ಟು ಹ್ವಾದರು. ಬಿಟ್ಟು ಹ್ವಾದರೂ ನಾ ಸತ್ತಿಲ್ಲ, ಇಲ್ಲೇ ನಿಂತೇನಿ ನೋಡು." ಅವಳು ಬಂದು ಅತ್ತಿಗೆಯ ಭುಜ ಹಿಡಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ವೈನಿ, ನೀ ಇವತ್ತ ನನ್ನ ಸಲುವಾಗಿ ಆ ಗಾಡಿ ತಗೊಂಡ್ರ, ನಾಳಿ ಮತ್ತ ಯಾವುದಕ್ಕೋ ನನಗ ಇಲ್ಲಿಗಿ ತಂದು ಬಿಡ್ತಾರ. ನೀ ಔರಾದಿಗಿ ಹೋಗು. ನಾನೂ ಬರ್ತೇನಿ."

ಅನೀಲ ಅಷ್ಟು ಹೊತ್ತು ಕಂಬಕ್ಕೆ ಒರಗಿ ನಿಂತವನು, ಹೋಗಿ ತಂಗಿಯ ಬ್ಯಾಗನ್ನು ಎತ್ತಿ ಒಳಗಿಟ್ಟ. ಆಮೇಲೆ ಕಿಸೆಯಿಂದ ಫೋನು ತೆಗೆದು, ಎಲ್ಲರ ಎದುರಿಗೇ ಶಿವಕಾಂತನಿಗೆ ಹಚ್ಚಿದ.

"ಭಾವಾರ, ನಾ ಅನೀಲ ಮಾತಾಡೂದು. ಮುಚ್ಚಿಟ್ಟು ಮಾಡೂದು ಬ್ಯಾಡಂತ ಹೇಳ್ಲಿಕತ್ತೀನಿ. ನಾಳಿ ನನ್ನ ಹೆಂಡತಿ, ನಿಮ್ಮ ಹೆಂಡತಿ ಇಬ್ಬರೂ ಔರಾದಿಗಿ ಹೋಗ್ತಾರ. ಗಾಡಿ ಪಸಂದ ಬಂದ್ರ ಅದನ್ನೇ ತರ್ತಾರ. ನಮ್ಮ ಮನಿ ಬಾಗಲಾ ನಿಮಗ ಯಾವತ್ತೂ ತೆರದೇ ಇರ್ತದ್ರಿ." ಆ ಕಡೆಯಿಂದ ಏನು ಉತ್ತರ ಬಂತೋ, ಅವನು ಕೇಳಿಸಿಕೊಂಡು ಫೋನಿಟ್ಟ. ಮದುವೆಯಾದಾಗಿನಿಂದ ಸಿದ್ದೇಶ್ವರಿ ಗಂಡನನ್ನು ಅಷ್ಟು ಪ್ರೀತಿಯಿಂದ ನೋಡಿದ್ದೇ ಇರಲಿಲ್ಲ.

ಮರುದಿನ ಅತ್ತಿಗೆ ನಾದಿನಿ ಇಬ್ಬರೂ ಬಸ್ಸು ಹತ್ತಿ, ಔರಾದಿನಲ್ಲಿ ಇಳಿದು, ಬೇವಿನ ಗಿಡದ ಕೆಳಗಿನ ಹಸಿರು ಗೇಟು ಬಡಿದರು. ಮಹಮೂದಾ ಬೇಗಂ ದಪ್ಪ ಕನ್ನಡಕದೊಳಗಿಂದ ಇಬ್ಬರನ್ನೂ ನೋಡಿ, ಚಹಾ ಕೊಟ್ಟು, ಕುಡಿದು ಮುಗಿಸುವವರೆಗೆ ಕಾರಿನ ಮಾತೇ ಎತ್ತಲಿಲ್ಲ.

"ಓಡಸೋರು ಯಾರು?" ಎಂದರು ಆಮೇಲೆ.

"ನಾನೇರಿ ಟೀಚರ್."

"ಹಂಗಾರ ಕೂಡು. ನಾನೂ ಬರ್ತೇನಿ. ಈ ಗಾಡಿ ಓಡಸ್ಲಾರದೋರಿಗಿ ನಾ ಕೊಡೂದಿಲ್ಲ ಬೇಟಿ."

ಬಿಳಿ ಬಣ್ಣದ, ಅಲ್ಲಲ್ಲಿ ಗೀರು ಬಿದ್ದ ಕಾರದು. ಸಿದ್ದೇಶ್ವರಿ ಬೆಲ್ಟು ಹಾಕಿಕೊಂಡು ಕೀಲಿ ತಿರುಗಿಸಿದಳು. ಮೊದಲ ತಿರುವಿನಲ್ಲೇ ಗಾಡಿ ಬಂದ್ ಬಿತ್ತು. ಹಿಂದಿನಿಂದ ಹಾರ್ನ್ ಕೇಳಿಸಿತು. ಗುಂಪಾ ರಸ್ತೆಯ ಆ ನಗು ನೆನಪಾಯಿತು. ಟೀಚರು ಮಾತ್ರ ಕಿಟಕಿಯ ಹೊರಗೆ ನೋಡುತ್ತ, "ಹಾರ್ನ್ ಬಜಾಯಿಸೋರು ಬಜಾಯಿಸ್ಲಿ. ನೀ ನಿನ್ನ ಆರಾಮಿನ್ಯಾಗ ಗಾಡಿ ಹಚ್ಚು" ಎಂದರು. ಅವಳು ಮತ್ತೆ ಹಚ್ಚಿದಳು. ಸಂತಪೂರದ ಹಾದಿಗೆ ಬಿದ್ದ ಮೇಲೆ, ಎರಡೂ ಬದಿಯ ತೊಗರಿ ಹೊಲಗಳ ನಡುವೆ ಕಾರು ನಿರಾಳವಾಗಿ ಓಡಿತು. ಹಿಂದಿನ ಸೀಟಿನಲ್ಲಿ ಸಪ್ನಾ ಕಿಟಕಿ ಇಳಿಸಿ ಮುಖಕ್ಕೆ ಗಾಳಿ ಬಿಟ್ಟುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅವಳು ಮೆಲ್ಲಗೆ ಹಾಡು ಗುನುಗುವುದು ಸಿದ್ದೇಶ್ವರಿಗೆ ಕೇಳಿಸಿತು.

ತಿರುಗಿ ಬಂದ ಮೇಲೆ ಟೀಚರು ತಾವಾಗಿಯೇ ಕಾರಿನ ದೋಷಗಳನ್ನೆಲ್ಲ ಹೇಳಿದರು. ಎ.ಸಿ. ನಡೆಯುವುದಿಲ್ಲ, ಎಡಗಡೆಯ ಹಿಂದಿನ ಬಾಗಿಲನ್ನು ಜೋರಾಗಿ ಎಳೆಯಬೇಕು, ಎರಡು ಟೈರು ಬದಲಿಸಬೇಕು. ನಿಮಗೆ ಬೇಕಾದ ಮೆಕ್ಯಾನಿಕ್‌ಗೆ ತೋರಿಸಿರಿ, ನಾನು ಕಾಯುತ್ತೇನೆ ಎಂದರು. ಮೆಕ್ಯಾನಿಕ್ಕೂ ಅದನ್ನೇ ಹೇಳಿದ. ಚೌಕಾಸಿ ಮುಗಿದು, ಆರ್.ಟಿ.ಓ. ಕಚೇರಿಯ ಕಾಗದಪತ್ರಕ್ಕೆ ಟೀಚರು ಖುದ್ದಾಗಿ ಬಂದು ಸಾಲಿನಲ್ಲಿ ನಿಂತು ಸಹಿ ಹಾಕಿದರು. ಎರಡು ಸಲ ತಿರುಗಾಡಬೇಕಾಯಿತು, ಆದರೆ ನಡುವೆ ಯಾರ ಕೈಯೂ ಬೇಕಾಗಲಿಲ್ಲ. ಕೀಲಿ ಕೊಡುವಾಗ ಮಹಮೂದಾ ಬೇಗಂ ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿ, ಮುಖ ತಿರುಗಿಸಿಕೊಂಡು ಒಳಗೆ ಹೋದರು.

ಕಾರು ಭಾಲ್ಕಿಯ ಓಣಿಗೆ ಬಂದಾಗ ರೊಟ್ಟಿ ಬಡಿಯುವ ಹೆಂಗಸರೆಲ್ಲ ಕೆಲಸ ಬಿಟ್ಟು ಹೊರಗೆ ಬಂದರು. ಸುಂದರಬಾಯಿ ಕಾರಿಗೆ ಕುಂಕುಮ ಹಚ್ಚಿದಳು, ಆದರೆ ಹತ್ತಲಿಲ್ಲ. ಅಳಿಯನ ಫೋನು ಬಂದಿರಲಿಲ್ಲ. ದಿನ ಕಳೆದಂತೆ ಅವಳು ಊಟದ ತಾಟಿನ ಮುಂದೆ ಕೂತು ಸುಮ್ಮನೆ ಅನ್ನ ಕಲಸತೊಡಗಿದಳು. ಸಪ್ನಾ ಮಾತ್ರ ಹೆಂಗಸರ ಸಾಲಿನಲ್ಲಿ ಕೂತು ರೊಟ್ಟಿ ಬಡಿದಳು. ಮಧ್ಯೆ ಮಧ್ಯೆ ಅವಳ ಕೈ ನಿಲ್ಲುತ್ತಿತ್ತು... ಮತ್ತೆ ನಡೆಯುತ್ತಿತ್ತು.

ಬೀದರಿಗೆ ಮೊದಲ ಸಲ ಕಾರಿನಲ್ಲಿ ರೊಟ್ಟಿ ಒಯ್ಯುವ ದಿನ ಸುಂದರಬಾಯಿ ಇದ್ದಕ್ಕಿದ್ದಂತೆ ಹೊಸ ಇಳಕಲ್ ಸೀರೆ ಉಟ್ಟು ಹೊರಗೆ ಬಂದಳು. "ನಾನೂ ಬರ್ತೇನಿ" ಎಂದು ಮುಂದಿನ ಸೀಟಿನಲ್ಲಿ ಕೂತಳು. ಡಬ್ಬಿಗಳ ಪಕ್ಕ ಸಪ್ನಾ ಮುದುಡಿ ಕೂತಳು. ಗುಂಪಾ ರಸ್ತೆ ಬಂದಾಗ ಸುಂದರಬಾಯಿಯೇ, "ಅಳಿಯನ ಅಂಗಡಿ ಮುಂದ ನಿಂದ್ರಸು" ಎಂದಳು.

ಅದೇ ಕುರ್ಚಿಗಳು, ಅದೇ ಜನ. ಸಿದ್ದೇಶ್ವರಿ ಎರಡು ಗಾಡಿಗಳ ನಡುವಿನ ಸಣ್ಣ ಜಾಗದಲ್ಲಿ ಕಾರನ್ನು ನಿಲ್ಲಿಸಿದಾಗ ಯಾರೂ ನಗಲಿಲ್ಲ. ಶಿವಕಾಂತ ಎದ್ದು ನಿಂತ. ಗಡ್ಡ ಬೆಳೆದಿತ್ತು, ಅಂಗಿ ಮುದುಡಿತ್ತು.

"ಅಳಿಯಂದ್ರ" ಸುಂದರಬಾಯಿ ಕಾರಿನಿಂದ ಇಳಿದು ನೇರವಾಗಿ ನಿಂತಳು. "ನೀವು ಅಂಗಳದಾಗ ಇಳಿಸಿ ಹ್ವಾದ ದಿನ ನಾ ಸೊಸಿ ಕಾಲು ಹಿಡೀಲಾಕ ಹೋಗಿದ್ದೆ. ಅದು ನನ್ನ ತಪ್ಪು. ಇನ್ನ ಮ್ಯಾಲ ನನ್ನ ಮಗಳು ತನಗ ಬೇಕಂದ್ರ ನಿಮ್ಮ ಮನ್ಯಾಗ ಇರ್ತಾಳ, ಬ್ಯಾಡಂದ್ರ ನನ್ನ ಮನ್ಯಾಗ ಇರ್ತಾಳ. ಆಕಿ ಹೆಸರಿನ ಮ್ಯಾಲ ಮತ್ತ ಯಾವ ಯಾಪಾರಾನೂ ಆಗಂಗಿಲ್ಲ."

ಅವನ ಮುಖ ಕಪ್ಪಿಟ್ಟಿತು. ಉಳಿದವರ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ. "ಅತ್ತಿ, ನನ್ನ ಮನಿ ಮಂದಿನೇ ನನಗ ಬಿಟ್ಟು ಗಾಡಿ ತಗೊಂಡ್ರ, ಈ ಬಾಜಾರದಾಗ ನನ್ನ ಯಾರು ನಂಬ್ತಾರ್ರಿ? ಆ ಹೆದರಿಕಿಗಿ ಹಂಗ ಮಾಡಿದೆ."

"ಹೆದರಿಕಿ ಇದ್ರ ನನಗ ಹೇಳಬೇಕಿತ್ತು" ಎಂದಳು ಸಪ್ನಾ, ಕಾರಿನ ಬಾಗಿಲನ್ನು ಜೋರಾಗಿ ನೂಕಿ ಇಳಿಯುತ್ತ. "ಹೆಂಡತಿಗಿ ಹೊರಗ ಹಾಕಿದಂವ ಅಂತ ಕೇಳಿದ ಮ್ಯಾಲ ನಂಬ್ತಾರೇನ್ರಿ?"

ಶಿವಕಾಂತ ಕುರ್ಚಿಗಳನ್ನು ದಾಟಿ ಅವಳ ಎದುರಿಗೆ ಬಂದ. ಆಮೇಲೆ ಎಲ್ಲರಿಗೂ ಕೇಳುವಂತೆಯೇ ಹೇಳಿದ: "ತಪ್ಪಾತು ಸಪ್ನಾ. ಮನ್ಯಾಗ ದೀಪಾ ಹಚ್ಚೋರಿಲ್ಲ. ಬಾ." ಸಿದ್ದೇಶ್ವರಿಯ ಕಡೆ ತಿರುಗಿ, "ತಂಗಿ, ನಿನಗ ಅವತ್ತ ಕೀಲಿ ಕೊಡಬೇಕಿತ್ತು" ಎಂದ.

"ಇರ್ಲಿ ಅಣ್ಣಾರ" ಎಂದಳು ಅವಳು.

ಸಪ್ನಾ ಗಂಡನನ್ನು ನೋಡಿದಳು. ಆದರೆ ಕಾಲು ಅವನ ಕಡೆ ಸರಿಯಲಿಲ್ಲ. "ಸಂಜಿಕ್ಕ ಬರ್ತೇನ್ರಿ. ಮೊದಲ ಖಾನಾವಳಿಗಿ ರೊಟ್ಟಿ ಮುಟ್ಟಸಬೇಕು. ನಾಳಿಯಿಂದ ಬೀದರಿನ ಗಿರಾಕಿಗಳನ್ನ ನಾನೇ ನೋಡ್ತೇನಿ, ವೈನಿ ಜೋಡಿ ಮಾತಾಗ್ಯದ." ಹೀಗೆಂದು ಅವಳು ಮತ್ತೆ ಡಬ್ಬಿಗಳ ಪಕ್ಕ ಹತ್ತಿ ಕೂತಳು.

ಸಿದ್ದೇಶ್ವರಿ ಕಾರು ಹಚ್ಚಿದಳು. ಹಿಂದೆ ರಸ್ತೆ ತುಂಬ ಗಾಡಿಗಳು. ಅವಳು ಕನ್ನಡಿ ನೋಡುತ್ತಿರುವಾಗಲೇ ಶಿವಕಾಂತ ರಸ್ತೆಯ ನಡುವೆ ಹೋಗಿ ನಿಂತು, ಎರಡೂ ಕೈ ಎತ್ತಿ, ಬರುತ್ತಿದ್ದ ಟೆಂಪೊವನ್ನು ತಡೆದ.

"ಬಾ ತಂಗಿ, ಹಿಂದ ಬಾ. ಜಾಗಾ ಅದ" ಎಂದು ಕೂಗಿದ.

ಅವಳು ಒಂದೇ ಸಲಕ್ಕೆ ಕಾರನ್ನು ಹಿಂದಕ್ಕೆ ತೆಗೆದು, ತಿರುಗಿಸಿ, ಪೇಟೆಯ ಕಡೆ ಬಿಟ್ಟಳು. ಡಬ್ಬಿಯಲ್ಲಿ ಒಂದು ರೊಟ್ಟಿಯೂ ಮುರಿದಿರಲಿಲ್ಲ.