ತುಟಿಯ ಮೇಲೊಂದು ಚುಕ್ಕೆ ಕೆಂಪು

"ಕಪ್ಪು-ಬಿಳುಪು ಮಾಡುವಾಗ ಬದುಕಿರೋರ ಪಟದಲ್ಲಿ ಬಣ್ಣ ಪೂರ್ತಿ ತೆಗೀಬೇಡಮ್ಮ. ತುಟಿ ಮೇಲೆ ಒಂದು ಚುಕ್ಕೆ ಕೆಂಪು ಬಿಡು," ಎಂದರು ಸ್ಟುಡಿಯೋದ ಯಜಮಾನರು. "ಯಾವನೋ ಈ ಕಂಪ್ಯೂಟರಲ್ಲಿ ತನ್ನ ಅಣ್ಣನ ಪಟಕ್ಕೆ ಮಾಟ ಮಾಡಿಸಿ ಹೋದ. ಅವತ್ತಿಂದ ಇದು ಹಿಂಗೇ."

ಹೊಸದಾಗಿ ಕೆಲಸಕ್ಕೆ ಸೇರಿದವಳಿಗೆ ನಗು ತಡೆಯಲಾಗಲಿಲ್ಲ. ಗಿರಾಕಿಯ ಅಂಗಿ ಕೆಂಪೋ ಹಸಿರೋ ಎಂದು ದಿನವೂ ತನ್ನನ್ನೇ ಕೇಳುವ ಮುದುಕ; ಕಣ್ಣು ತೋರಿಸಿಕೊಳ್ಳುವುದು ಬಿಟ್ಟು ಮಾಟದ ಕತೆ ಹೊಸೆಯುತ್ತಾನೆ. ಅವರು ಊಟಕ್ಕೆ ಎದ್ದುಹೋದದ್ದೇ ತಡ, ಮಾಟವೂ ಇಲ್ಲ ಗೀಟವೂ ಇಲ್ಲ, ನೋಡಿಯೇ ಬಿಡೋಣವೆಂದು ತಮ್ಮನ ಪಟ ತೆರೆದಳು.

ತಮ್ಮ ಬಸ್ ಡ್ರೈವರ್. ಹೊಸ ಸಮವಸ್ತ್ರದಲ್ಲಿ ಹಲ್ಲು ಕಿಸಿದು ನಿಂತಿದ್ದ. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಮೌಸ್ ಹಿಡಿದು ಬಣ್ಣವನ್ನು ಸೊನ್ನೆಗೆ ಎಳೆದಳು. ಕೆನ್ನೆ ಬೂದಿ ಬಣ್ಣವಾಯಿತು. ತುಟಿ ಬೂದಿಯಾಯಿತು. ಚುಕ್ಕೆಯನ್ನೂ ಬಿಡಲಿಲ್ಲ. ನಕಲು ಇಟ್ಟುಕೊಳ್ಳುವ ತಾಳ್ಮೆ ಅವಳಿಗೆಲ್ಲಿ, ಮೂಲದ ಮೇಲೇ ಸೇವ್ ಮಾಡಿ ಮುಚ್ಚಿದಳು.

ಕೂದಲು ಸುಟ್ಟ ವಾಸನೆ ಬಂತು. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಇಲ್ಲ. ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಮೂಲೆಗಳಿಂದ ಕತ್ತಲು ಮುಂದೆ ಸರಿಯುತ್ತಿತ್ತು. ಕೂತಲ್ಲಿ ಕೂರಲಾಗದೆ ಎದ್ದಳು, ಮತ್ತೆ ಕೂತಳು. ಫೋನು ಬಡಿದುಕೊಂಡಿತು.

"ಅಕ್ಕಾ, ಸಿಗ್ನಲ್ ದೀಪ ಎಲ್ಲಾ ಬೂದಿ ಬಣ್ಣ ಕಾಣ್ತಿದೆ. ಬಸ್ಸು ಪಕ್ಕಕ್ಕೆ ಹಾಕಿದೀನಿ. ಕೈಕಾಲು ತಣ್ಣಗಾಗ್ತಿದೆ... ಉಸಿರು..."

ಅವಳು ಮತ್ತೆ ಪಟ ತೆರೆದಳು. ಎಷ್ಟು ಎಳೆದರೂ ಬಣ್ಣ ಮರಳಲಿಲ್ಲ. ಫೋನಿನಲ್ಲಿದ್ದ ಪಟ ನೋಡಿದಳು. ಅದೂ ಬೂದಿ. ಪರದೆಯ ಮೇಲಿನ ತಮ್ಮ ಈಗ ನಗುತ್ತಿರಲಿಲ್ಲ. ಅವನ ರೆಪ್ಪೆ ಮೆಲ್ಲಗೆ ಇಳಿಯುತ್ತಿತ್ತು.

ಊಟ ಮುಗಿಸಿ ಬಂದ ಯಜಮಾನರಿಗೆ ಒಂದೇ ನೋಟಕ್ಕೆ ತಿಳಿಯಿತು. "ಹೋದ ಬಣ್ಣ ವಾಪಸ್ ಬರಲ್ಲ ತಾಯಿ. ಬದುಕಿರೋರು ಯಾರಾದ್ರೂ ತಮ್ಮದು ಕೊಡಬೇಕು."

ಅವಳು ಯೋಚಿಸಲಿಲ್ಲ. ತನ್ನ ಪಟ ತೆರೆದಳು. ಬಣ್ಣವನ್ನಷ್ಟೇ ಎತ್ತಿದಳು. ತಮ್ಮನ ಮುಖಕ್ಕೆ ಹೊದಿಸಿದಳು. ಸೇವ್ ಒತ್ತಲು ಹೋದಳು. ಯಜಮಾನರು ಗಬಕ್ಕನೆ ಮಣಿಕಟ್ಟು ಹಿಡಿದರು.

"ನಿನ್ನ ತುಟಿ ಮೇಲೆ ಚುಕ್ಕೆ ಬಿಡು. ಇಲ್ಲಾಂದ್ರೆ ನೀನೂ ಉಳಿಯಲ್ಲ."

ಬಿಟ್ಟಳು. ಸೇವ್ ಮಾಡಿದಳು. ಎದೆಯೊಳಗೆ ತಣ್ಣೀರು ಹೊಯ್ದಂತಾಯಿತು. ಫೋನನ್ನು ಕಿವಿಗೆ ಒತ್ತಿ ಕಾದಳು.

"ಅಕ್ಕಾ, ಸರಿಹೋಯ್ತು. ತಲೆ ಸುತ್ತಿರ್ಬೇಕು, ಬೆಳಿಗ್ಗೆ ಏನೂ ತಿಂದಿರ್ಲಿಲ್ಲ."

"ತಿಂದ್ಕೊಂಡು ಓಡಿಸೋ, ಕತ್ತೆ," ಎಂದು ಬೈದಳು. ಅಳು ಬಂತು. ಕಣ್ಣೊರೆಸಿದ ಬೆರಳಿನ ಉಗುರು ಬೂದಿ. ಗೋಡೆ ಬೂದಿ. ಹೊರಗಿನ ಬಿಸಿಲೂ ಬೂದಿ.

"ನಾನು ನನ್ನ ಮಗಳಿಗೆ ಕೊಟ್ಟೆ," ಎಂದರು ಯಜಮಾನರು ಕುರ್ಚಿ ಎಳೆದುಕೊಳ್ಳುತ್ತಾ.

ಅಷ್ಟರಲ್ಲಿ ಗಿರಾಕಿಯೊಬ್ಬಳು ಮಗುವನ್ನೆತ್ತಿಕೊಂಡು ಒಳಬಂದಳು. ಫ್ರಾಕಿಗೆ ಹೊಂದುವ ಪರದೆ ಹಿಂದೆ ಹಾಕಿ ಫೋಟೋ ತೆಗೆಯಿರಿ ಎಂದಳು. ಯಜಮಾನರು ರೂಢಿಯಂತೆ ಪಕ್ಕದ ಕುರ್ಚಿಯಲ್ಲಿದ್ದ ಅವಳತ್ತ ತಿರುಗಿದರು.

"ಯಾವ ಬಣ್ಣಮ್ಮ?"

ಅದನ್ನೇ ಅವರನ್ನು ಕೇಳಲು ಅವಳು ಆಗಲೇ ಬಾಯಿ ತೆರೆದಿದ್ದಳು.