ಗೋಮಿಬಾಯಿ ಸುತ್ತಿದ ಕಾಯಿಲ್

"ಸೂಜಿ ಹಿಡದ ಬೆರಳು ನಿನ್ವು, ಗೋಮಿ. ಎಳಿ ಮ್ಯಾಲ ಎಳಿ ಏರಬಾರದು, ಅಷ್ಟ," ಎಂದ ಈಶಪ್ಪ.

"ಏರಿದ್ರ ಏನ್ ಮಾಡ್ತೀರಿ?"

"ಮತ್ತ ಬಾಜೂಕ ಕುಂದರಿಸ್ಕೊಂಡು ಮೊದಲಿಂದ ಸುತ್ತಸ್ತೇನಿ."

ಹಾಗಾದರೆ ಬೇಕೆಂದೇ ಒಂದು ಎಳೆ ಏರಿಸಿಬಿಡಲೇ ಎನಿಸಿತು ಲಂಬಾಣಿ ತಾಂಡಾದಲ್ಲಿ ಕಸೂತಿ ಹಾಕುತ್ತ ಬೆಳೆದ ಗೋಮಿಬಾಯಿಗೆ. ಆದರೆ ಅದು ನಗುವ ಹೊತ್ತಲ್ಲ. ದಾಂಡೇಲಿಯ ಸಾಗುವಾನಿ ಡಿಪೋದಲ್ಲಿದ್ದ ಹಳೇ ಟ್ರ್ಯಾಕ್ಟರಿನ ಎಂಜಿನ್ ಚಾಲೂ ಮಾಡುವ ಸ್ಟಾರ್ಟರಿನ ತಂತಿಸುರುಳಿ, ಆ ಕಾಯಿಲ್, ಸುಟ್ಟುಹೋಗಿತ್ತು. ಯುದ್ಧದ ಕಾಲ, ಹೊಸದು ಎಲ್ಲಿಂದ ಬರಬೇಕು? ಕಬ್ಬಿಣದ ಹ್ಯಾಂಡಲ್ ಕೈಯಲ್ಲಿ ತಿರುವಿಯೇ ಎಂಜಿನ್ ಎಬ್ಬಿಸುತ್ತಿದ್ದರು. ಅದು ತಿರುಗಿ ಒದ್ದು ಅಲ್ಲಿ ಕೂಲಿಗಿದ್ದ ಅವಳ ಅಣ್ಣ ಲಾಲುವಿನ ಮುಂಗೈ ಪುಡಿಯಾಗಿತ್ತು. ಕೂಲಿಗಳ ಮೇಲಿನ ಮುಕಾದಮ ಅಡಿವೆಯ್ಯ ಹಳಿಯಾಳದಿಂದ ಮೆಕ್ಯಾನಿಕ್ ಈಶಪ್ಪನನ್ನು ಕರೆಸಿ, "ನಾಳೆ ಮಾಲು ಹೋಗಾಕ ಬೇಕು. ಕಾಯಿಲ್ ನಡೀಲಿಲ್ಲಂದ್ರ ಹ್ಯಾಂಡಲ್ ನೀನ ತಿರುವು" ಎಂದಿದ್ದ.

ತಂತಿಯ ಒಂದೊಂದು ಪದರಕ್ಕೂ ಅರಗು ಬಳಿದು ಬಟ್ಟೆಯ ಪಟ್ಟಿ ಇಡಬೇಕು. ಈಶಪ್ಪ ಅರಗು ಕಾಯಿಸಲು ಅತ್ತ ತಿರುಗಿದಾಗ ಗೋಮಿಬಾಯಿ ತನ್ನ ಸೆರಗಿನ ಅಂಚು ಹರಿದು ಒಳಗಿಟ್ಟಳು. ದೂರ ಹೊರಟ ಅಪ್ಪನ ಅಂಗಿಯೊಳಗೆ ಅವ್ವ ಹೀಗೇ ಸೆರಗಿನ ಚೂರು ಹೊಲಿಯುತ್ತಿದ್ದಳು, ಮೈಗೆ ಪೆಟ್ಟಾಗದಿರಲೆಂದು. ಈ ಮನುಷ್ಯನಿಗೂ ಏನೂ ಆಗಬಾರದು. ಅದರ ಮೇಲೆ ಮತ್ತೆ ತಂತಿ ಸುತ್ತಿದಳು.

ಬೆಳಿಗ್ಗೆ ಸ್ವಿಚ್ ಒತ್ತಿದ್ದೇ ತಡ, ಕಾಯಿಲ್ ಹೊಗೆಯಾಡಿತು. ಈಶಪ್ಪ ಬಿಚ್ಚಿ ನೋಡಿದ. ಸುಟ್ಟ ಪಟ್ಟಿಯಲ್ಲಿ ಜರಿ ಹೊಳೆಯಿತು. ಜರಿಯೆಂದರೆ ಲೋಹ, ಕರೆಂಟು ಅದರಲ್ಲೇ ಹಾಯ್ದು ಒಳಗೆಲ್ಲ ಕರಗಿಸಿತ್ತು. ಅವನು ಅವಳ ಹರಿದ ಸೆರಗನ್ನು ನೋಡಿದ.

"ಯಾರ ತಪ್ಪಲೇ ಇದು?" ಅಡಿವೆಯ್ಯ ಅಬ್ಬರಿಸಿದ.

ಈಶಪ್ಪ ಚೂರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. "ನಂದರೀ."

ಬಾಯಿ ತೆರೆದ ಗೋಮಿಬಾಯಿಯನ್ನು ಕಣ್ಣಲ್ಲೇ ಗದರಿಸಿ, ಹೋಗಿ ಹ್ಯಾಂಡಲ್ ಹಿಡಿದ. ಒಂದೆರಡು ಸಲ ತಿರುವಿದ. ಆಮೇಲೆ ಅದು ಒದೆಯಿತು. ಅವನ ಬಲಗೈ ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

ಡಿಪೋದ ಮಂದಿಯ ಎದುರೇ ಗೋಮಿಬಾಯಿ ಕುಸಿದುಬಿದ್ದ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಯಾಕ ಇಟ್ಟಿದ್ದಿ ಅದನ್ನ?" ಅವನು ಪಿಸುಗುಟ್ಟಿದ.

"ನಿಮ್ಮ ಕೈ ಉಳೀಲಂತರೀ."

ಅವನು ಕಣ್ಣು ಮುಚ್ಚಿದ. "ಇನ್ನ ಈ ಕೈಯಾಗ ನಟ್ಟು ಬಿಚ್ಚೂ ಪಾನಾ ಹಿಡಿಯೂದು ಮುಗೀತು. ನಾವು ಕೂಡಿ ಬಾಳಾಕ ನಿಮ್ಮ ತಾಂಡಾದವರೂ ಬಿಡೂದಿಲ್ಲ, ನಮ್ಮ ಮಂದಿನೂ ಬಿಡೂದಿಲ್ಲ. ಮನೀಗೆ ಹೋಗು, ಗೋಮಿ."

"ಹೋಗೂದಿಲ್ರೀ. ಮುರದಾಕಿ ನಾನು, ಸಾಕಾಕಿನೂ ನಾನ. ಮತ್ತ ಬರೇ ತಪ್ಪಿಗಂತ ತಿಳೀಬ್ಯಾಡ್ರಿ, ನೀವಂದ್ರ ನನಗ ಜೀವ."

ಈಶಪ್ಪ ಎಡಗೈಯಿಂದ ಅವಳ ಬೆರಳು ಹಿಡಿದುಕೊಂಡ, ಬಿಡಲಿಲ್ಲ. ಅತ್ತ ಅಡಿವೆಯ್ಯ ಹ್ಯಾಂಡಲ್ ತಿರುವಲು ಇನ್ನೊಬ್ಬನ ಹೆಸರು ಕೂಗುತ್ತಿದ್ದ.