ಒಂದೇ ಸಲ ಕರೆದವನು

ಆ ಕಚೇರಿಯಲ್ಲಿ ನನಗೆ ಸುಳ್ಳು ಹೇಳದವನು ಒಬ್ಬನೇ. ಅವನ ಮೇಲೆ ನನಗೆ ಮೊದಲು ಬಂದದ್ದು ಸಿಟ್ಟು.

ಉಳಿದವರೆಲ್ಲ ಒಳ್ಳೆಯವರು. ಟೆಹರಾನಿನ ಆ ಪಿಂಚಣಿ ಕಚೇರಿಯ ಎಲ್ಲ ಮಹಡಿಗಳಲ್ಲೂ ನನ್ನನ್ನು ಕೂರಿಸಿ ಚಹಾ ಕೊಟ್ಟರು. ನಾನು ಕೊಟ್ಟ ಪ್ರಶ್ನೆಗಳ ಹಾಳೆಯನ್ನು ಎದೆಯ ಮೇಲೆ ಕೈಯಿಟ್ಟು ಸ್ವೀಕರಿಸಿದರು. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು ಆಗಾಗ ಎದ್ದು ಕತ್ತು, ಭುಜ, ಬೆನ್ನು ಚಾಚುವ ಸಣ್ಣ ವ್ಯಾಯಾಮ ಮಾಡುತ್ತಾರೆಯೇ, ಮಾಡಿದರೆ ಯಾವುದು ಮಾಡಿಸುತ್ತದೆ, ಬಿಟ್ಟರೆ ಯಾವುದು ಬಿಡಿಸುತ್ತದೆ, ಇದನ್ನು ಅಳೆಯುವ ಒಂದು ಮಾಪಕ ತಯಾರಿಸುವುದು ನನ್ನ ಡಾಕ್ಟರೇಟಿನ ಕೆಲಸ. ಎಲ್ಲರೂ ಉತ್ತರಿಸಿದ್ದರು. ವ್ಯಾಯಾಮ ಮಾಡುತ್ತೀರಾ? ಸದಾ. ಉಪಯೋಗ ಇದೆಯೇ? ತುಂಬಾ. ಮೇಲಧಿಕಾರಿ ಪ್ರೋತ್ಸಾಹಿಸುತ್ತಾರೆಯೇ? ತುಂಬಾ ತುಂಬಾ. ಒಬ್ಬರು ಕೊನೆಯಲ್ಲಿ ‘ನಿಮ್ಮ ಕೈ ನೋಯದಿರಲಿ ಮಗಳೇ’ ಎಂದೂ ಬರೆದಿದ್ದರು.

ಆ ಮಹಡಿಗಳಲ್ಲಿ ನಾನು ದಿನಗಟ್ಟಲೆ ಸುತ್ತಾಡಿದ್ದೆ. ಒಬ್ಬರೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಚಹಾ ಸಹ ಮೇಜಿಗೇ ಬರುತ್ತಿತ್ತು.

“ಇದು ಮಾಪಕ ಅಲ್ಲ ಗುಲ್ನಾರ್,” ಎಂದರು ನನ್ನ ಮಾರ್ಗದರ್ಶಕಿ ಡಾಕ್ಟರ್ ಮೊಫೀದಿ, ಕನ್ನಡಕ ತೆಗೆದು. “ಇದು ಮದುವೆ ಮನೆ ಹಾರೈಕೆ. ಎಲ್ಲರೂ ನಿನಗೆ ಒಳ್ಳೇದಾಗ್ಲಿ ಅಂತ ಬರೆದಿದ್ದಾರೆ. ಇವರು ಬರೆದಷ್ಟು ಕತ್ತು ಚಾಚಿದ್ರೆ ಇಷ್ಟೊತ್ತಿಗೆ ಜಿರಾಫೆಗಳಾಗಿರ್ಬೇಕಿತ್ತು.”

“ಹಾಗಾದ್ರೆ ಏನು ಮಾಡ್ಲಿ?”

“ನಿಜ ಕೇಳು. ಕೇಳೋಕೆ ಬರ್ಲಿಲ್ಲ ಅಂದ್ರೆ ಡಾಕ್ಟರೇಟ್ ಮರೆತುಬಿಡು.”

ಬಾಯುಪಚಾರ. ನಮ್ಮ ಊರಿನ ಗಾಳಿಯೇ ಅದು. ಟ್ಯಾಕ್ಸಿಯವನು ‘ದುಡ್ಡು ಬೇಡ, ನೀವು ನನ್ನ ಅತಿಥಿ’ ಎನ್ನುತ್ತಾನೆ. ನಾವು ಒತ್ತಾಯಿಸಿ ಕೊಟ್ಟರೆ ಸಾಲದು ಎಂದು ಜಗಳ ತೆಗೆಯುತ್ತಾನೆ. ‘ನೀವು ಮೊದಲು’, ‘ಛೆ, ನೀವು ಮೊದಲು’ ಎನ್ನುವಷ್ಟರಲ್ಲಿ ಲಿಫ್ಟು ಹೊರಟುಹೋಗಿರುತ್ತದೆ. ಊಟಕ್ಕೆ ಕರೆಯುವವರು ಮೂರು ಸಲ ಕರೆಯಬೇಕು. ಕರೆಸಿಕೊಂಡವರು ಎರಡು ಸಲ ಬೇಡ ಎನ್ನಬೇಕು.

ನನ್ನ ಗಂಡ ಕೇವಾನ್ ಚಾಲೂಸ್ ಘಟ್ಟದ ರಸ್ತೆಯ ಒಂದು ತಿರುವಿನಿಂದ ಮನೆಗೆ ಬರದೆ ಅದು ಮೂರನೆಯ ವಸಂತ. ಅವನು ತೀರಿಹೋದ ಮೇಲೆ ನನಗೆ ಈ ಭಾಷೆ ಬಹಳ ಅನುಕೂಲವಾಗಿತ್ತು. ಅದನ್ನಾಡಲು ಒಳಗೆ ಯಾರೂ ಇರಬೇಕಾಗಿರಲಿಲ್ಲ.

ಒಂದು ಹಾಳೆ ಮಾತ್ರ ಬೇರೆಯಾಗಿತ್ತು. ದಾಖಲೆ ವಿಭಾಗದ ರೂಜ್ಬೆ ದಿಲ್ಮಗಾನಿ ಎಂಬವನದು. ವ್ಯಾಯಾಮ ಮಾಡುತ್ತೀರಾ? ಇಲ್ಲ. ಏಕೆ? ನನ್ನ ಪಟ್ಟಿಯಲ್ಲಿ ಸಮಯವಿಲ್ಲ, ಜಾಗವಿಲ್ಲ, ತಿಳಿವಳಿಕೆಯಿಲ್ಲ ಎಂಬ ಉತ್ತರಗಳಿದ್ದವು. ಅವನು ಮೂರನ್ನೂ ಹೊಡೆದುಹಾಕಿ ಅಂಚಿನಲ್ಲಿ ಒಂದು ಪದ ಬರೆದಿದ್ದ: ನಾಚಿಕೆ.

ನೆಲಮಾಳಿಗೆಗೆ ಇಳಿದು ಹೋದೆ. ಎತ್ತರದ ಗಂಡಸೊಬ್ಬ ಎದ್ದು ನಿಂತ. ಹುಬ್ಬಿನ ಮೇಲೆ ಹಳೆಯ ಕಡತಗಳ ಧೂಳು.

“ಇದು ನನ್ನ ಉತ್ತರಗಳಲ್ಲಿ ಇರ್ಲಿಲ್ಲ,” ಎಂದೆ ಹಾಳೆ ಚಾಚಿ.

“ಅದಕ್ಕೇ ಅಂಚಲ್ಲಿ ಬರೆದೆ.”

“ಯಾರ ಮುಂದೆ ನಾಚಿಕೆ?”

ಅವನು ಕಣ್ಣಲ್ಲೇ ಎದುರು ಮೇಜನ್ನು ತೋರಿಸಿದ. ಅಲ್ಲಿ ನಿವೃತ್ತಿಗೆ ಹತ್ತಿರವಾದ ಝರ್ರೀನ್ ಖಾನಮ್ ಸೂರ್ಯಕಾಂತಿ ಬೀಜ ಒಡೆಯುತ್ತ ಕೂತಿದ್ದಳು.

“ಕೈ ಮೇಲೆತ್ತಿದ್ರೆ ಅಂಗಿ ಪ್ಯಾಂಟಿಂದ ಆಚೆ ಬರತ್ತೆ. ಹೊಟ್ಟೆ ಕಾಣತ್ತೆ. ಮಧ್ಯಾಹ್ನದ ಹೊತ್ತಿಗೆ ಇಡೀ ಕಟ್ಟಡಕ್ಕೆ ಸುದ್ದಿ.”

“ಹೊಟ್ಟೆ ಇರೋದು ಈಗಲೇ ಗೊತ್ತು ಬಿಡಪ್ಪಾ,” ಎಂದಳು ಝರ್ರೀನ್ ಖಾನಮ್ ತಲೆಯೆತ್ತದೆ. “ನನ್ನ ಕಷ್ಟ ಕೇಳು. ಈ ನಿಲುವಂಗಿ ತೊಟ್ಟು, ತಲೆವಸ್ತ್ರ ಬಿಗಿದು, ಇವನೆದುರು ಸೊಂಟ ಬಗ್ಗಿಸ್ಲಾ?”

“ನೀವು ‘ಸದಾ ಮಾಡ್ತೀನಿ’ ಅಂತ ಬರೆದಿದ್ದೀರಿ ಖಾನಮ್!”

“ನೀನು ಅಷ್ಟು ಆಸೆಯಿಂದ ಕೇಳಿದ್ಯಲ್ಲ ಮಗಳೇ.”

ನನ್ನ ಕೈಯಲ್ಲಿದ್ದ ಹಾಳೆಗಳನ್ನೆಲ್ಲ ಅಲ್ಲೇ ಹರಿದುಹಾಕಬೇಕೆನಿಸಿತು. ಅವನು ನಗಲಿಲ್ಲ. ನಗು ತಡೆದ. ತಡೆದದ್ದು ನನಗೆ ಕಂಡಿತು. ಕಂಡದ್ದು ಅವನಿಗೆ ಗೊತ್ತಾಯಿತು.

ಆಮೇಲೆ ನಾನು ನೆಲಮಾಳಿಗೆಗೆ ಮತ್ತೆ ಮತ್ತೆ ಹೋದೆ. ಹೊಸ ಪ್ರಶ್ನೆಗಳು ಬೇಕಿದ್ದವು, ನಿಜ ಹೇಳುವವನು ಅಲ್ಲಿದ್ದ. ಕಾರಣ ಅಷ್ಟೇ ಎಂದು ನಂಬಿದ್ದೆ.

ಒಂದು ಮಧ್ಯಾಹ್ನ ಝರ್ರೀನ್ ಖಾನಮ್ ನಮಾಜಿಗೆ ಹೋದಾಗ ಅವನಿಗೆ ಕತ್ತಿನ ವ್ಯಾಯಾಮ ಹೇಳಿಕೊಟ್ಟೆ. ಕಪಾಟುಗಳ ಒಂದು ಸಾಲಿನಲ್ಲಿ ಅವನು, ಪಕ್ಕದ ಸಾಲಿನಲ್ಲಿ ನಾನು. ನಡುವೆ ಕಡತಗಳು. ಕಡತಗಳ ಕಿಂಡಿಯಲ್ಲಿ ಅವನ ಒಂದು ಕಣ್ಣು, ಅರ್ಧ ಮೀಸೆ.

“ಕಿವಿ ಭುಜದ ಕಡೆಗೆ. ಭುಜ ಕಿವಿ ಕಡೆಗಲ್ಲ.”

“ಭುಜಕ್ಕೆ ಅವಸರ, ಏನ್ ಮಾಡ್ಲಿ.”

“ಉಸಿರು ಬಿಡಿ. ಹಿಡ್ಕೋಬೇಡಿ.”

“ನೀವು ಹೀಗೆ ನೋಡ್ತಿದ್ರೆ ಹೇಗೆ ಬಿಡೋದು?”

ಇದನ್ನು ‘ನೋಡುವವರ ಪ್ರಭಾವ’ ಎಂದು ಬರೆದುಕೊಂಡೆ. ಕೈಬರಹ ಸ್ವಲ್ಪ ಸೊಟ್ಟಗಾಗಿತ್ತು.

“ನೀವು ಮಾಡ್ತೀರಾ, ಪಾರ್ಸಾಯಿ ಖಾನಮ್?” ನನ್ನ ಮನೆತನದ ಹೆಸರಿಗೆ ಗೌರವದ ‘ಖಾನಮ್’ ಸೇರಿಸಿ ಕೇಳಿದ.

“ಏನು?”

“ಇದೇ, ಕತ್ತು. ಯಾರಾದ್ರೂ ಕರೆದ್ರೆ ನೀವು ಕತ್ತು ತಿರುಗಿಸಲ್ಲ. ಇಡೀ ಮೈ ತಿರುಗಿಸ್ತೀರಿ. ಬಾಗಿಲು ತೆಗೆದ ಹಾಗೆ.”

“ಸಮಯ ಸಿಗಲ್ಲ,” ಎಂದೆ.

“ಹ್ಞಾಂ. ಅದು ಪಟ್ಟಿಯಲ್ಲಿರೋ ಉತ್ತರ.”

ಮೆಟ್ರೋದಲ್ಲಿ ಮನೆಯವರೆಗೂ ಅವನ ಮೇಲೆ ಕುದಿಯುತ್ತ ಹೋದೆ. ಕನ್ನಡಿಯ ಮುಂದೆ ನಿಂತು ಕಿವಿಯನ್ನು ಭುಜದ ಕಡೆಗೆ ಬಾಗಿಸಿದೆ. ಅರ್ಧಕ್ಕೇ ನಿಂತಿತು. ನೋವು ಬೆನ್ನಿನವರೆಗೆ ಇಳಿಯಿತು. ನೋವಾಗುತ್ತದೆ ಎಂಬುದನ್ನೇ ಮರೆತಿದ್ದೆ.

ಬುಧವಾರ ಕಚೇರಿ ಬಿಡುವ ಹೊತ್ತು. ಮೆಟ್ಟಿಲ ಬಳಿ ಅವನು ಸಿಕ್ಕ. ಜಾಕೆಟ್ ತೋಳಿನ ಮೇಲಿತ್ತು. ಹುಬ್ಬಿನ ಧೂಳು ಒರೆಸಿಕೊಂಡಿದ್ದ. ಅಷ್ಟು ಮಟ್ಟಿಗೆ ಅದು ಯೋಚಿಸಿ ಮಾಡಿದ ಭೇಟಿ ಎಂದು ಆಮೇಲೆ ಹೊಳೆಯಿತು.

“ತಜ್ರೀಶ್‌ನಲ್ಲಿ ಒಳ್ಳೆ ಆಶ್ ಮಾಡ್ತಾರೆ. ಸೊಪ್ಪು, ಕಾಳು, ಮೇಲೆ ಹುರಿದ ಪುದೀನ. ಬನ್ನಿ, ಒಂದೊಂದು ಬಟ್ಟಲು ಕುಡಿಯೋಣ.”

ನನ್ನ ಬಾಯಿ ತಾನಾಗಿಯೇ ಹೊರಟಿತು. “ಅಯ್ಯೋ ಬೇಡಿ, ನಿಮಗ್ಯಾಕೆ ತೊಂದ್ರೆ. ನಿಮ್ಮ ಅಭಿಮಾನ ದೊಡ್ಡದು.”

“ಸರಿ,” ಎಂದ. “ದಣಿವಾಗದಿರಲಿ. ಖುದಾ ಹಾಫಿಜ್.”

ಹೋಗಿಯೇಬಿಟ್ಟ.

ಎರಡನೆಯ ಕರೆಗೆ ಮುಖ ಸಿದ್ಧಮಾಡಿಕೊಂಡು ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಆ ಮುಖವನ್ನು ಏನು ಮಾಡುವುದೆಂದು ತಿಳಿಯಲಿಲ್ಲ. ಎರಡನೆಯ ಸಲ ‘ನಿಜವಾಗ್ಲೂ ಬೇಡ’ ಎನ್ನುವುದು, ಮೂರನೆಯ ಸಲ ‘ನೀವು ಇಷ್ಟು ಹೇಳಿದ ಮೇಲೆ’ ಎನ್ನುವುದು, ಎಲ್ಲವೂ ಗಂಟಲಲ್ಲೇ ಉಳಿಯಿತು. ಇಂಥ ಒರಟನನ್ನು ಯಾವ ತಾಯಿ ಬೆಳೆಸಿದಳು?

ಗುರುವಾರ, ಶುಕ್ರವಾರದ ವಾರದ ರಜೆ ಕಳೆದು ಶನಿವಾರ ಬೆಳಿಗ್ಗೆ ಝರ್ರೀನ್ ಖಾನಮ್ ನನ್ನ ತೋಳು ಹಿಡಿದು ಮೂಲೆಗೆಳೆದಳು.

“ಕರೆದ್ನಾ?”

“ಕರೆದ್ರು.”

“ನೀನೇನಂದೆ?”

“ಬೇಡ ಅಂದೆ.”

“ಅನ್ನಬೇಕಾದ್ದೇ. ಆಮೇಲೆ?”

“ಆಮೇಲೆ ಹೋದ್ರು.”

ಬೀಜ ಒಡೆಯುವ ಸದ್ದು ನಿಂತಿತು. “ಹೋದ್ನಾ? ಒಂದೇ ಸಲಕ್ಕಾ? ಇವನ ಮೀಸೆ ಮಣ್ಣಾಗ! ನನ್ನ ಗಂಡ ಎಡತಾಕಿ ಎಡತಾಕಿ ನಮ್ಮಪ್ಪನ ಮನೆ ಹೊಸಲು ಸವೆಸಿದ್ದ. ಇವನು ಹೀಗೇ. ಎರಡು ಮೂರು ಹೆಣ್ಣು ನೋಡಿದ. ಅವರು ಸ್ವಲ್ಪ ಬಿಗುಮಾನ ಮಾಡಿದ್ರು. ಇವನು ‘ಅವರಿಗೆ ಇಷ್ಟ ಇಲ್ಲ’ ಅಂತ ಮನೆಗೆ ಬಂದ. ಕುರ್ಚಿ ಬಿಟ್ಟು ಏಳದೆ ಇರೋದು ಯಾಕೆ ಗೊತ್ತಾ? ಬರೀ ಹೊಟ್ಟೆ ಅಲ್ಲ. ಹಿಂದೆ ಮೂಲೆ ಮೇಜಲ್ಲಿ ಕೂರ್ತಿದ್ದ ಹುಡುಗೀರು ಒಂದ್ಸಲ ನಕ್ಕಿದ್ರು, ಅದಕ್ಕೆ.”

ಅವಳು ತನ್ನ ಬಗ್ಗೆ ಒಂದೂ ನಿಜ ಬರೆದಿರಲಿಲ್ಲ. ಅವನ ಬಗ್ಗೆ ತಡೆಯಿಲ್ಲದೆ ಹೇಳುತ್ತಿದ್ದಳು.

ಆ ದಿನವೇ ಪ್ರಶ್ನೆಗಳನ್ನೆಲ್ಲ ತಿರುಗಿಸಿದೆ. ‘ನೀವು’ ಎಂಬುದನ್ನು ತೆಗೆದೆ. ನಿಮ್ಮ ಪಕ್ಕದ ಮೇಜಿನವರು ವ್ಯಾಯಾಮ ಮಾಡುತ್ತಾರೆಯೇ? ಇಲ್ಲದಿದ್ದರೆ ಏಕೆ? ನಮ್ಮಲ್ಲಿ ತಮ್ಮ ಬಗ್ಗೆ ಉಪಚಾರ ತಪ್ಪದವರು ಪಕ್ಕದವರ ಬಗ್ಗೆ ಅಷ್ಟು ಕಟ್ಟುನಿಟ್ಟಲ್ಲ. ಸಾಹೇಬರು ಸೋಮಾರಿ ಎಂದುಕೊಳ್ಳುತ್ತಾರೆಂದು. ಹೆಂಗಸರು ನೋಡುತ್ತಾರೆಂದು. ಗಂಡಸರು ನೋಡುತ್ತಾರೆಂದು. ಮೊದಲು ಏಳುವವರು ಯಾರೂ ಇಲ್ಲವೆಂದು. ಉತ್ತರಗಳು ಮಳೆಯಂತೆ ಬಂದವು. ಎರಡು ವಾರ ಬಿಟ್ಟು ಅದೇ ಜನರನ್ನು ಅದೇ ಪ್ರಶ್ನೆ ಮತ್ತೆ ಕೇಳಬೇಕಿತ್ತು. ಒಂದೇ ಸಲ ಕೇಳಿದ ಉತ್ತರವನ್ನು ನಮ್ಮ ಶಾಸ್ತ್ರ ನಂಬುವುದಿಲ್ಲ.

ಆ ಎರಡು ವಾರ ಅವನು ನನ್ನೊಂದಿಗೆ ಬಹಳ ಸಭ್ಯವಾಗಿ ನಡೆದುಕೊಂಡ. ಬಾಗಿಲು ಹಿಡಿದ. ಹೇಗಿದ್ದೀರಿ ಎಂದ. ಚೆನ್ನಾಗಿದ್ದೇನೆ ಎಂದೆ. ಸಂತೋಷ ಎಂದ. ಒಮ್ಮೆ ಬೇಕೆಂದೇ ಬೀಗ ಹಾಕುವ ಹೊತ್ತಿನವರೆಗೆ ಅಲ್ಲೇ ಉಳಿದೆ. ‘ನಿಮ್ಮ ಮೆಟ್ರೋ ತಪ್ಪತ್ತೆ’ ಎಂದು ನೆನಪಿಸಿದ. ಕೈಯಲ್ಲಿದ್ದ ಪೆನ್ನನ್ನು ಅವನ ಮೇಲೆ ಎಸೆಯುವ ಮನಸ್ಸಾಯಿತು. ಸಿಟ್ಟು ಬಂದಾಗಲೆಲ್ಲ ಕೆನ್ನೆ ಬಿಸಿಯಾಗುತ್ತಿತ್ತು, ಅದೂ ಹೊಸದು.

ಎರಡನೆಯ ಸಲದ ಉತ್ತರಗಳು ಮೊದಲಿನಂತೆಯೇ ಬಂದವು. “ಈಗ ಇದು ಅಳೆಯತ್ತೆ,” ಎಂದರು ಡಾಕ್ಟರ್ ಮೊಫೀದಿ. ನನಗೆ ಸಂತೋಷವಾಗಬೇಕಿತ್ತು. ಆ ಕಚೇರಿಗೆ ಹೋಗಲು ಇನ್ನು ಕಾರಣವಿರಲಿಲ್ಲ.

ಮತ್ತೊಂದು ಬುಧವಾರ ಮಧ್ಯಾಹ್ನ ವಿದಾಯ ಹೇಳಲು ಇಳಿದು ಹೋದೆ. ಝರ್ರೀನ್ ಖಾನಮ್ ನಮ್ಮಿಬ್ಬರನ್ನೂ ನೋಡಿ, ನಮಾಜಿಗೆ ಹೊತ್ತಾಯಿತೆಂದು ಎದ್ದಳು. ಆಗಷ್ಟೇ ಮುಗಿಸಿ ಬಂದಿದ್ದಳು.

“ಕೆಲಸ ಮುಗೀತು,” ಎಂದೆ.

“ಶುಭವಾಗ್ಲಿ ಖಾನಮ್. ನಿಮ್ಮ ಶ್ರಮ ಫಲಿಸ್ತು.”

“ನಿಮ್ಮ ದಯೆ.”

“ಏನಿಲ್ಲ, ನಿಮ್ಮ ದೊಡ್ಡತನ.”

ಇಂಥ ಇನ್ನೊಂದು ಮಾತು ಬಂದರೆ ಕಿರುಚಿಬಿಡುತ್ತೇನೆ ಎನಿಸಿತು. ಬರುವ ಮೊದಲೇ ಕಿರುಚಿದೆ.

“ಎರಡನೇ ಸಲ ಯಾಕೆ ಕರೀಲಿಲ್ಲ?”

“ಯಾವುದಕ್ಕೆ?”

“ಆಶ್‌ಗೆ!”

ಅವನು ಕಕ್ಕಾಬಿಕ್ಕಿಯಾದ. “ನೀವು ಬೇಡ ಅಂದ್ರಿ.”

“ಅದು ಬಾಯುಪಚಾರ!”

“ನನಗೆ ಹೇಗೆ ಗೊತ್ತಾಗ್ಬೇಕು?”

“ಈ ದೇಶದಲ್ಲಿ ತೊಟ್ಟಿಲ ಮಗುವಿಗೂ ಗೊತ್ತಾಗತ್ತೆ! ಟ್ಯಾಕ್ಸಿಯವನಿಗೆ ಗೊತ್ತಾಗತ್ತೆ!”

“ಕರೆಯುವಾಗ ಟ್ಯಾಕ್ಸಿಯವನ ಎದೆ ಹೊಡ್ಕೊಳ್ಳಲ್ಲ, ಖಾನಮ್.”

ಅವನು ನನ್ನ ಎಡಗೈಯ ಕಡೆ ನೋಡಿ, ಕೂಡಲೇ ಕಣ್ಣು ಬೇರೆಡೆಗೆ ತಿರುಗಿಸಿದ.

“ನಿಮ್ಮವರು ತೀರಿಕೊಂಡಿದ್ದು ಗೊತ್ತು, ಆದ್ರೂ ನಿಮ್ಮ ಬೆರಳಲ್ಲಿ ಮದುವೆ ಉಂಗುರ ಇದೆ. ಅದರ ಮುಂದೆ ನಿಂತು ಮತ್ತೆ ಮತ್ತೆ ಕರೆದ್ರೆ ಅದು ಕರೆಯೋದಾ, ಕಾಡೋದಾ? ನೀವು ಬೇಡ ಅಂದ್ರಿ, ನಾನು ನಂಬಿದೆ. ನಿಮ್ಮ ಮಾತು ನಂಬದೆ ಇರೋನು ಬೇಕಿತ್ತಾ ನಿಮಗೆ?”

ಮೂರು ವರ್ಷಗಳಿಂದ ಚೆನ್ನಾಗಿದ್ದೇನೆ ಎನ್ನುತ್ತಿದ್ದೆ. ಯಾರೂ ಅದನ್ನು ಮಾತೆಂದು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

“ಈಗಲೂ ಮತ್ತೆ ಕರೆಯಲ್ಲ,” ಎಂದ ಮೆಲ್ಲಗೆ. “ನಿಮಗೇನು ಬೇಕೋ ನೀವೇ ಹೇಳಿ. ಏನು ಹೇಳಿದ್ರೂ ನಂಬ್ತೀನಿ.”

ಅದು ಹೆದರಿಕೆಯ ಮಾತು. ಹೇಳಿದ್ದು ಹೇಳಿದಂತೆಯೇ ಆಗಿಬಿಡುತ್ತದೆ. ಚೆಂದದ ಮಾತೊಂದಕ್ಕಾಗಿ ಒಳಗೆಲ್ಲ ತಡಕಾಡಿದೆ. ಸಿಕ್ಕಿದ್ದು ಎದೆಯಲ್ಲಲ್ಲ, ಅದಕ್ಕಿಂತ ಕೆಳಗೆ.

“ನನಗೆ ಹಸಿವಾಗಿದೆ,” ಎಂದೆ.

ಈ ಮೂರು ವರ್ಷ ಹೊತ್ತಾಯಿತೆಂದು ಉಂಡಿದ್ದೆ. ಅಮ್ಮ ಬಡಿಸಿದಳೆಂದು ಉಂಡಿದ್ದೆ. ಹಸಿದು ಉಂಡ ನೆನಪಿರಲಿಲ್ಲ.

“ನಿಮ್ಮ ಜೊತೆ ಊಟ ಮಾಡ್ಬೇಕು. ಇವತ್ತು. ನಾಳೆನೂ.”

“ನಾಳೆ ರಜ.”

“ರಜಾ ದಿನ ನಿಮಗೆ ಹಸಿವಾಗಲ್ವಾ, ರೂಜ್ಬೆ?”

ಹೆಸರು ಬಾಯಿಂದ ಜಾರಿತ್ತು. ಅವನು ಜಾಕೆಟ್ ಹುಡುಕತೊಡಗಿದ. ಅದು ಅವನ ಮೈಮೇಲೇ ಇತ್ತು.

ಆಶ್ ಮಾಡುವವರು ಅಷ್ಟು ಹೊತ್ತಿಗೆ ಅಂಗಡಿ ತೆರೆಯುವುದಿಲ್ಲ. ಹಿಂದಿನ ಬೀದಿಯ ಸಣ್ಣ ಹೋಟೆಲಿಗೆ ಹೋದೆವು. ಅನ್ನ, ಬದನೆಕಾಯಿ ಗೊಜ್ಜು, ಚಿಕ್ಕ ತಟ್ಟೆಯಲ್ಲಿ ತಹ್‌ದೀಗ್, ಪಾತ್ರೆಯ ತಳ ಹಿಡಿದ ಹೊಂಬಣ್ಣದ ಗರಿಗರಿ ಅನ್ನ. ಅದು ಎಂದೂ ಸಾಲುವುದಿಲ್ಲ. ಅದಕ್ಕಾಗಿ ಮನೆಯೊಳಗೆ ಅಣ್ಣತಮ್ಮಂದಿರು ಕಿತ್ತಾಡುತ್ತಾರೆ. ಹೊರಗೆ ‘ನೀವೇ ತಗೊಳ್ಳಿ, ನನ್ನಾಣೆ’ ಎಂದು ತಟ್ಟೆ ಅತ್ತಿಂದಿತ್ತ ಓಡಾಡುತ್ತದೆ.

ಕೊನೆಯ ತುಂಡನ್ನು ಅವನು ನನ್ನ ಕಡೆ ತಳ್ಳಿದ.

ಇಲ್ಲಿ ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ಕಾಯುತ್ತಿದ್ದ. ಮೀಸೆಯ ಅಡಿಯಲ್ಲಿ ತುಂಟ ನಗು. ಹೇಳಿದರೆ ನಂಬಿಬಿಡುತ್ತಾನೆ. ತಾನೇ ತಿಂದುಬಿಡುತ್ತಾನೆ.

ಎತ್ತಿ ಬಾಯಿಗಿಟ್ಟೆ. ಬಾಗಿಲ ಬಳಿ ಕೂತವರು ತಿರುಗಿ ನೋಡುವಷ್ಟು ಸದ್ದಾಯಿತು. ಅವನಿಗೆ ಒಂದು ಚೂರನ್ನೂ ಉಳಿಸಲಿಲ್ಲ.